ಚೀಟಿ ತೋರಿಸಿ, ಓಟು ಹಾಕಿ

ಒಂದೇ ಹೊಲಕ್ಕೆ ಎರಡು ಪಹಣಿ ಮಾಡಿಸುವ ವಿದ್ಯೆ ನಮ್ಮ ಕಡೆಯವರಿಗೆ ಮಾತ್ರ ಒಲಿದದ್ದು ಎಂದುಕೊಂಡಿದ್ದೆ. ನ್ಯೂಜಿಲೆಂಡಿನ ವಸಾಹತು ಸರ್ಕಾರ 1862ರಲ್ಲಿ ಇಡೀ ಮತಕ್ಷೇತ್ರಕ್ಕೇ ಹಾಗೆ ಮಾಡಿಸಿತ್ತು. ದೇಶದ ದಕ್ಷಿಣದ ಒಟಾಗೊ ಪ್ರಾಂತ್ಯದಲ್ಲಿ ಆಗಲೇ ಇದ್ದ ಕ್ಷೇತ್ರಗಳ ಮೇಲೆ ಇನ್ನೊಂದನ್ನು ಕಂಬಳಿಯಂತೆ ಹೊದಿಸಿ, 'ಗೋಲ್ಡ್ ಫೀಲ್ಡ್ಸ್' ಎಂದು ಹೆಸರಿಟ್ಟು, ಸಂಸತ್ತಿಗೆ ಇಬ್ಬರು ಸದಸ್ಯರನ್ನು ದಯಪಾಲಿಸಿತು.

ಕಾರಣ ಚಿನ್ನ. 1861ರಲ್ಲಿ ಗೇಬ್ರಿಯಲ್ ರೀಡ್ ಎಂಬವನಿಗೆ ಟುವಾಪೆಕ ಕಡೆಯ ಕಣಿವೆಯೊಂದರಲ್ಲಿ ಅದು ಕಣ್ಣಿಗೆ ಬಿತ್ತು. ಮರುವರ್ಷ ಹಾರ್ಟ್ಲಿ, ರೈಲಿ ಎಂಬ ಜೋಡಿ 87 ಪೌಂಡ್ ತೂಕದ ಚಿನ್ನವನ್ನು ಒಟಾಗೊದ ಮುಖ್ಯ ಪಟ್ಟಣ ಡುನೆಡಿನ್‌ಗೆ ಹೊತ್ತು ತಂದಿತು. ಊರೂರಿನವರು ಗುದ್ದಲಿ ಹಿಡಿದು ಓಡಿಬಂದರು. ಗುಡಾರದಲ್ಲಿ ಮಲಗುವವನಿಗೆ ಜಮೀನೆಲ್ಲಿಂದ ಬರಬೇಕು? ಸ್ವಂತದ್ದೋ ಬಾಡಿಗೆಯದ್ದೋ ಆಸ್ತಿ ಇಲ್ಲದಿದ್ದರೆ ಓಟೂ ಇಲ್ಲ, ಅದು ಕಾನೂನು. ಆದರೆ ಚಿನ್ನ ಅಗೆಯುವವನ ವಿಷಯದಲ್ಲಿ ಕಾನೂನಿನ ಮನಸ್ಸು ಬೆಣ್ಣೆಯಂತೆ ಕರಗಿತು.

ಇಷ್ಟೇ ಶರತ್ತು: ಗಂಡಸಾಗಿರಬೇಕು, 21 ತುಂಬಿರಬೇಕು, ಅಗೆಯುವ ಪರವಾನಗಿ ಪಡೆದು ಕೆಲವು ತಿಂಗಳಾಗಿರಬೇಕು. ವರ್ಷಕ್ಕೆ ಒಂದು ಪೌಂಡಿನ ಚೀಟಿ ಅದು. ಮತದಾರರ ಪಟ್ಟಿಯೇ ಇರಲಿಲ್ಲ, ಹಾಗಾಗಿ ಸತ್ತವರ ಹೆಸರು ಉಳಿಸಿಕೊಳ್ಳುವ ತಾಪತ್ರಯವೂ ಇರಲಿಲ್ಲ! ಕೆಸರು ಮೆತ್ತಿದ ಕೋಟಿನ ಒಳಜೇಬಿನಿಂದ ಆ ಚೀಟಿ ತೆಗೆದು, ಮಡಿಕೆ ಬಿಡಿಸಿ, ಅಧಿಕಾರಿಯ ಮುಂದೆ ಹಿಡಿದರೆ ಆಯಿತು. ಓಟು ಯಾರಿಗೆ ಎಂಬುದನ್ನು ಎಲ್ಲರಿಗೂ ಕೇಳುವಂತೆ ಬಾಯಿಬಿಟ್ಟು ಹೇಳಬೇಕಿತ್ತು. ಗುಪ್ತ ಮತದಾನದ ಕಾಯ್ದೆ ಬಂದದ್ದು 1870ರಲ್ಲಿ, ಸರಿಯಾಗಿ ಈ ಕ್ಷೇತ್ರಕ್ಕೆ ಬೀಗ ಜಡಿಯುವ ಹೊತ್ತಿಗೆ.

ಮಹಡಿ ಕಟ್ಟಿದ ಕ್ಷೇತ್ರದ ಸುಖ ಬಲ್ಲವನು ಜೂಲಿಯಸ್ ವೋಗಲ್, ಪತ್ರಕರ್ತ. 1866ರಲ್ಲಿ ಒಟಾಗೊದ್ದೇ ವೈಕೌವೈಟಿಯಲ್ಲಿ ನಿಂತು ಸೋತ. ಕೆಳಮನೆಯಲ್ಲಿ ಬಾಗಿಲು ಹಾಕಿದರೇನು, ಏಣಿ ಹತ್ತಿ ಗೋಲ್ಡ್ ಫೀಲ್ಡ್ಸ್‌ನಿಂದ ಒಳಗೆ ಬಂದ. 1873ಕ್ಕೆ ಪ್ರಧಾನಿಯೂ ಆದ. ಅವನು ಗೆದ್ದು ಬರುವ ಹೊತ್ತಿಗಾಗಲೇ ಪಶ್ಚಿಮ ಕರಾವಳಿಯಲ್ಲೂ ಚಿನ್ನ ಸಿಕ್ಕು, ಮತದಾರರು ಗುಡಾರ ಕಿತ್ತು ಅತ್ತ ಸಾಲುಗಟ್ಟಿದ್ದರು. ಕ್ಷೇತ್ರ ಮಾತ್ರ ಇದ್ದಲ್ಲೇ ಇತ್ತು.

ಇನ್ನು ಆ ದೇಶದ ಮೂಲನಿವಾಸಿಗಳಾದ ಮಾವೊರಿಗಳು. ನೆಲವೆಲ್ಲ ಅವರದೇ ಆಗಿತ್ತು, ಆದರೆ ಕುಲದ ಹೆಸರಲ್ಲಿ, ಭಾಗವಾಗದ ಆಸ್ತಿ. ಕಾನೂನಿಗೆ ಬೇಕಿದ್ದದ್ದು ಒಬ್ಬೊಬ್ಬನ ಹೆಸರಿನಲ್ಲಿ 50 ಪೌಂಡ್ ಬಾಳುವ ಜಮೀನು, ಇಲ್ಲವೇ ಇಂತಿಷ್ಟು ಬಾಡಿಗೆ. ತಲೆಮಾರುಗಳಿಂದ ನೆಲ ಆಳಿದವನು ಹೊರಗೆ ನಿಂತ, ಅದೇ ನೆಲಕ್ಕೆ ಗುಂಡಿ ತೋಡಿದವನು ಒಳಗೆ ಹೋದ. ಕೊನೆಗೆ 1867ರಲ್ಲಿ ಸರ್ಕಾರ ಅವರಿಗೂ ನಾಲ್ಕು ಸೀಟು ಕೊಟ್ಟಿತು, ಕೇವಲ ಐದು ವರ್ಷಕ್ಕೆ, ತಾತ್ಕಾಲಿಕವಾಗಿ ಎಂದು ಒತ್ತಿ ಹೇಳಿ.

ಆ ತಾತ್ಕಾಲಿಕ ಸೀಟುಗಳು ಈಗ ಏಳಾಗಿವೆ.