ಅನುತ್ತೀರ್ಣರಾದವರೂ ಪೈಲಟ್ ಆಗಬಹುದು
ಹಾರಾಟ ಪರೀಕ್ಷೆಯಲ್ಲಿ ಒಮ್ಮೆ ಅನುತ್ತೀರ್ಣರಾದವರು ನಡುವಯಸ್ಸಿನಲ್ಲಿ ವೃತ್ತಿ ಬದಲಿಸಿ ವಿಮಾನಯಾನ ಸಂಸ್ಥೆಯ ಪೈಲಟ್ ಆಗುವ ಆಸೆಯನ್ನು ಬಿಡುವುದೇ ಲೇಸು ಎಂದು ನಾನು ಓದಿದ ಲೇಖನವೊಂದರ ಲೇಖಕರು ಹೇಳಿದ ಮಾತನ್ನು ಒಪ್ಪುವುದಿಲ್ಲ. ಹನ್ನೊಂದು ವರ್ಷ ಲೆಕ್ಕಪತ್ರದ ಕೆಲಸ ಮಾಡಿ ತರಬೇತಿಗೆ ಸೇರಿದ ನಾನು, ಸಂಬಳಕ್ಕೆ ವಿಮಾನ ಹಾರಿಸಲು ಬೇಕಾದ ಕಮರ್ಷಿಯಲ್ ಲೈಸೆನ್ಸ್ ಪರೀಕ್ಷೆಯಲ್ಲಿ, ವಿಮಾನವನ್ನು ಬಹಳ ಓರೆಯಾಗಿಸಿ ತಿರುಗಿಸುವ ಕಡಿದಾದ ತಿರುವಿನಲ್ಲಿ ಎತ್ತರ ತೋರಿಸುವ ಆಲ್ಟಿಮೀಟರಿನ ಮುಳ್ಳು, ಏರಿಳಿತಕ್ಕೆ ಇರುವ ನೂರು ಅಡಿಯ ಮಿತಿ ದಾಟಿ ಕೆಳಗಿಳಿದದ್ದನ್ನು ತಡವಾಗಿ ಗಮನಿಸಿ ಅನುತ್ತೀರ್ಣನಾದೆ. ಸಂದರ್ಶನದಲ್ಲಿ ಅದನ್ನು ಕೇಳಿಯೇ ಕೇಳಿದರು. ಗಾಳಿಯನ್ನಾಗಲಿ ಪರೀಕ್ಷಕರನ್ನಾಗಲಿ ದೂರದೆ, ತಪ್ಪು ಎಲ್ಲಾಯಿತು, ಹೇಗೆ ತಿದ್ದಿಕೊಂಡೆ ಎಂದಷ್ಟೇ ಹೇಳಿದೆ, ಕೆಲಸ ಸಿಕ್ಕಿತು. ಹಾಗೆಂದು ಹಿಂದಿನ ಪರೀಕ್ಷೆಗಳ ದಾಖಲೆ ಲೆಕ್ಕಕ್ಕೆ ಬರುವುದಿಲ್ಲ ಎಂದಲ್ಲ. 2009ರಲ್ಲಿ ಅಮೆರಿಕದ ಬಫಲೋ ಬಳಿ ಕೋಲ್ಗನ್ ಏರ್ 3407 ವಿಮಾನ ಪತನವಾಗಿ 50 ಮಂದಿ ಸತ್ತಾಗ, ಅದರ ಕ್ಯಾಪ್ಟನ್ ತಾವು ಅನುತ್ತೀರ್ಣರಾಗಿದ್ದ ಎರಡು ಪರೀಕ್ಷೆಗಳನ್ನು ಉದ್ಯೋಗದ ಅರ್ಜಿಯಲ್ಲಿ ತಿಳಿಸಿರಲಿಲ್ಲವೆಂಬುದು ತನಿಖೆಯಲ್ಲಿ ಹೊರಬಿತ್ತು; ಪೈಲಟ್‌ಗಳ ದಾಖಲೆಗಳನ್ನು ಒಂದೆಡೆ ಸೇರಿಸಿಡುವ ವ್ಯವಸ್ಥೆ ಅಲ್ಲಿ ರೂಪುಗೊಂಡದ್ದು ಆ ದುರಂತದ ಬಳಿಕವೇ. ಕುಡಿದು ವಾಹನ ಚಲಾಯಿಸಿದ ಪ್ರಕರಣವನ್ನೂ ಲೇಖನ ಇದೇ ತಕ್ಕಡಿಯಲ್ಲಿ ತೂಗಿರುವುದು ಸರಿಯಲ್ಲ. ಅದು ಪೈಲಟ್‌ಗಳಿಗೆ ಬೇಕಾದ ವೈದ್ಯಕೀಯ ಪ್ರಮಾಣಪತ್ರಕ್ಕೇ ಅಡ್ಡಿಯಾಗಬಹುದಾದ್ದರಿಂದ, ಅಂಥವರು ತರಬೇತಿಗೆ ಹಣ ಕಟ್ಟುವ ಮೊದಲೇ ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ತಿಳಿಸಿ ವಿಮಾನಯಾನ ಸಂಸ್ಥೆಯ ಪೈಲಟ್‌ಗಳಿಗೆ ಬೇಕಾದ ಪ್ರಥಮ ದರ್ಜೆಯ ವೈದ್ಯಕೀಯ ಪರೀಕ್ಷೆ ಮಾಡಿಸಿಕೊಳ್ಳಬೇಕು.