ಹೊಟ್ಟೆ ತುಂಬಿಸಿ ಹೊರಡುವುದು ಸರಿಯಲ್ಲ
ನಾಯಿಯನ್ನು ಪಶುವೈದ್ಯರ ಬಳಿ ಕರೆದೊಯ್ಯುವ ಬಗೆಗಿನ ಲೇಖನವೊಂದು, ಹೊರಡುವ ಮುನ್ನ ಹೊಟ್ಟೆ ತುಂಬ ಉಣಿಸಿದರೆ ಅದು ಆಸ್ಪತ್ರೆಯಲ್ಲಿ ಶಾಂತವಾಗಿರುತ್ತದೆ ಎಂದು ಹೇಳಿದೆ; ಆ ಸಲಹೆಯನ್ನು ನಾನು ಒಪ್ಪಲಾರೆ. ತೀರ್ಥಹಳ್ಳಿಯಿಂದ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಸುಮಾರು 60 ಕಿ.ಮೀ. ತಿರುವಿನ ದಾರಿಯಲ್ಲಿ ಬರುವ ಎಷ್ಟೋ ನಾಯಿಗಳು ನಡುದಾರಿಯ ಮಂಡಗದ್ದೆ ದಾಟುವಷ್ಟರಲ್ಲೇ ಜೊಲ್ಲು ಸುರಿಸಿ ವಾಂತಿ ಮಾಡುತ್ತವೆ; ಅರಿವಳಿಕೆ ಕೊಡಬೇಕಾಗಿ ಬಂದರಂತೂ ಹೊಟ್ಟೆಯಲ್ಲಿದ್ದ ಅನ್ನ ಮೇಲೆ ಬಂದು ಶ್ವಾಸಕೋಶ ಸೇರುವ ಅಪಾಯವಿದೆ. ಎಷ್ಟು ಹೊತ್ತು ಮೊದಲು ಊಟ ನಿಲ್ಲಿಸಬೇಕೆಂದು, ಮುಖ್ಯವಾಗಿ ಮರಿಗಳ ವಿಷಯದಲ್ಲಿ, ವೈದ್ಯರನ್ನೇ ಫೋನ್ ಮಾಡಿ ಕೇಳುವುದು ಒಳ್ಳೆಯದು.

ನಿಜವಾದ ಸಿದ್ಧತೆ ಮನೆಯಲ್ಲಿಯೇ ಆಗಬೇಕು. ತೋಟ ಸುತ್ತಿ ಬಂದ ನಾಯಿಯ ಕಿವಿಯೊಳಗೆ, ಕಾಲ್ಬೆರಳ ಸಂದಿಯಲ್ಲಿ ಉಣುಗು ಹುಡುಕಿ ತೆಗೆಯುವುದು ಮಲೆನಾಡಿನಲ್ಲಿ ನಿತ್ಯದ ಕೆಲಸವಷ್ಟೆ; ಅದನ್ನೇ ಗದರದೆ, ನಡುನಡುವೆ ಬೇಯಿಸಿದ ಮೊಟ್ಟೆಯ ಚೂರು ಕೊಡುತ್ತಾ ಮಾಡಿದ್ದರಿಂದ, ವೈದ್ಯರು ಕಿವಿ ಹಿಡಿದು ನೋಡಿದಾಗ ನಮ್ಮ ನಾಯಿ ಬೆದರುವುದಿಲ್ಲ.