ಸೇತುವೆಯ ಎರಡು ಬದಿ

ಜರ್ಮನ್ ಲೇಖಕ ಎರಿಕ್ ಕೆಸ್ಟ್ನರ್ ಅವರ ಮಕ್ಕಳ ಕಾದಂಬರಿ ‘ಪ್ಯುಂಕ್ಟ್‌ಶೆನ್ ಮತ್ತು ಆಂಟನ್’ನ ರಂಗರೂಪದಲ್ಲಿ ಬಡವ-ಶ್ರೀಮಂತ ಎಂಬ ಗೆರೆ ಮಕ್ಕಳ ಮಟ್ಟಿಗೆ ಅಳಿಸಿಹೋಗುತ್ತದೆ ಎಂದು ಆ ನಾಟಕದ ಬಗ್ಗೆ ಲೇಖನವೊಂದನ್ನು ಬರೆದವರು ಹೇಳಿದ್ದಾರೆ. ಈ ಮಾತು ಒಪ್ಪಲಾರೆ. ಅಳಿಸಿಹೋದರೆ ಕಥೆಯೇ ಉಳಿಯುವುದಿಲ್ಲ.

ಬರ್ಲಿನ್ನಿನ ವೈಡೆನ್‌ಡಮ್ ಸೇತುವೆಯ ದೃಶ್ಯವನ್ನೇ ನೋಡಿ. ಕೈಕೋಲು ಕಾರ್ಖಾನೆ ಮಾಲೀಕರ ಮಗಳು ಪ್ಯುಂಕ್ಟ್‌ಶೆನ್ ರಾತ್ರಿ ಹರಕು ಬಟ್ಟೆ ತೊಟ್ಟು ಬೆಂಕಿಪೊಟ್ಟಣ ಮಾರುತ್ತಾಳೆ. ಮನೆಯ ದಾದಿ ಪಕ್ಕದಲ್ಲಿ ಕುರುಡಿಯಂತೆ ನಿಂತಿರುತ್ತಾಳೆ. ಹುಡುಗಿಗೆ ಅದೊಂದು ಆಟ. ಆಚೆ ಬದಿಯಲ್ಲಿ ಆಂಟನ್ ಶೂ ಲೇಸ್ ಮಾರುತ್ತಾನೆ, ಮನೆಯಲ್ಲಿ ಅಮ್ಮ ಕಾಯಿಲೆ ಬಿದ್ದು ಮಲಗಿದ್ದಾಳೆ. ಒಂದೇ ಸೇತುವೆ, ಒಂದೇ ಚಳಿ, ಆದರೆ ಒಬ್ಬಳು ಯಾವಾಗ ಬೇಕಾದರೂ ಮನೆಗೆ ಹೋಗಬಹುದು. 1931ರಲ್ಲಿ, ಲಕ್ಷಾಂತರ ಜನ ಕೆಲಸವಿಲ್ಲದೆ ಕೂತಿದ್ದ ಜರ್ಮನಿಯಲ್ಲಿ ಬಂದ ಪುಸ್ತಕವಿದು. ಆಗಿನ ಓದುಗರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಿರಲಿಲ್ಲ.

ಗೆಳೆತನ ನಿಜವಾಗಿ ಕಾಣುವುದು ಇನ್ನೊಂದು ಕಡೆ. ಆಂಟನ್ ತರಗತಿಯಲ್ಲಿ ತೂಕಡಿಸುತ್ತಾನೆಂದು ಮೇಷ್ಟ್ರು ಅವನ ತಾಯಿಗೆ ಪತ್ರ ಬರೆಯಲು ಹೊರಟಾಗ, ಹುಡುಗಿ ಆಂಟನ್‌ಗೆ ಹೇಳದೆಯೇ ಮೇಷ್ಟ್ರ ಬಳಿ ಹೋಗಿ ಅವನ ಕಷ್ಟ ತಿಳಿಸುತ್ತಾಳೆ. ತಾನು ಬಂದದ್ದು ಅವನಿಗೆ ಗೊತ್ತಾಗಬಾರದು ಎನ್ನುತ್ತಾಳೆ. ಅವನ ಸ್ವಾಭಿಮಾನ ಎಂಥದ್ದೆಂದು ಅವಳಿಗೆ ಗೊತ್ತು.

ನಮ್ಮ ತರಗತಿಯಲ್ಲೂ ಹಾಗೆ ನಿದ್ದೆ ಮಾಡುವ ಹುಡುಗನಿದ್ದ. ಬೆಳಗಿನ ಜಾವ ಎದ್ದು ಪೇಪರ್ ಹಾಕಿ ಬರುತ್ತಿದ್ದ, ಬೆರಳ ತುದಿಗಳಲ್ಲಿ ಇನ್ನೂ ಮಸಿ ಇರುತ್ತಿತ್ತು. ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸಿದಾಗ ನಾವು ನಕ್ಕೆವು. ಕಾರಣ ಗೊತ್ತಿದ್ದ ನಾನೂ ಬಾಯಿ ಬಿಡಲಿಲ್ಲ. ರಂಗರೂಪ ಮಾಡುವವರು ಹಾಡು-ಕುಣಿತಕ್ಕೆ ಸಮಯ ಸಾಲದೆಂದು ಏನನ್ನಾದರೂ ಕತ್ತರಿಸಲಿ, ಆ ಮೇಷ್ಟ್ರ ದೃಶ್ಯವನ್ನು ಮಾತ್ರ ಬಿಡಬೇಡಿ.